ಸೇನೆಯ ವೈರ್‌ಲೆಸ್ ಜಾಲದಲ್ಲಿ ದಟ್ಟಣೆ

ಪ್ರಶ್ನೆ: ಮಳೆಗಾಲದಲ್ಲಿ ನಮ್ಮೂರಿನ ಮೊಬೈಲ್ ಜಾಲವೇ ತೆವಳುತ್ತದೆ. ಯುದ್ಧಭೂಮಿಯಲ್ಲಿ ಎಲ್ಲರೂ ಒಮ್ಮೆಲೇ ಸಂದೇಶ ಕಳುಹಿಸಿದರೆ ಸೇನೆಯ ವೈರ್‌ಲೆಸ್ ಜಾಲ ಹೇಗೆ ತಡೆದುಕೊಳ್ಳುತ್ತದೆ?
– ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ಆಗಿರುವುದು ನಿಜವಾಗಿಯೂ ದಟ್ಟಣೆಯೇ ಎಂದು ಗುರುತಿಸುವುದೇ ಇಲ್ಲಿ ಮೊದಲ ಕಷ್ಟ. 1986ರ ಅಕ್ಟೋಬರಿನಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ, ಕೆಲವೇ ನೂರು ಗಜಗಳ ಅಂತರದ ಎರಡು ಕೇಂದ್ರಗಳ ನಡುವಣ ಇಂಟರ್ನೆಟ್ ವೇಗ ದಟ್ಟಣೆಯಿಂದಾಗಿ ಸೆಕೆಂಡಿಗೆ 32,000 ಬಿಟ್‌ಗಳಿಂದ 40 ಬಿಟ್‌ಗಳಿಗೆ ಕುಸಿದಿತ್ತು. ಕಂಪ್ಯೂಟರ್ ವಿಜ್ಞಾನಿ ವ್ಯಾನ್ ಜೇಕಬ್ಸನ್ 1988ರಲ್ಲಿ ಪ್ರಕಟಿಸಿದ ಪರಿಹಾರದಲ್ಲಿ, ಪ್ಯಾಕೆಟ್ (ಸಂದೇಶವನ್ನು ಒಡೆದು ಕಳುಹಿಸುವ ತುಣುಕು) ಕಳೆದುಹೋದರೆ ಅದನ್ನು ದಟ್ಟಣೆಯ ಸೂಚನೆಯೆಂದು ಬಗೆದು ಕಳುಹಿಸುವ ಯಂತ್ರ ತಾನೇ ವೇಗ ತಗ್ಗಿಸುತ್ತದೆ. ತಂತಿಯ ಜಾಲಕ್ಕೆ ಇದು ಒಪ್ಪುತ್ತದೆ. ವೈರ್‌ಲೆಸ್‌ನಲ್ಲಾದರೋ ಗುಡ್ಡ ಅಡ್ಡ ಬಂದರೂ, ಶತ್ರು ಅಡ್ಡಿಯ ಅಲೆಗಳನ್ನು ಹರಿಸಿ ಜಾಮ್ ಮಾಡಿದರೂ ಪ್ಯಾಕೆಟ್ ಕಳೆಯುತ್ತದೆ. ಆಗ ವೇಗ ತಗ್ಗಿಸುವುದೆಂದರೆ ಖಾಲಿ ರಸ್ತೆಯಲ್ಲಿ ಬ್ರೇಕ್ ಒತ್ತಿದ ಹಾಗೆ. ಅದಕ್ಕಾಗಿ ಕಳೆದದ್ದನ್ನು ಆಯಾ ರೇಡಿಯೊ ಕೊಂಡಿಯಲ್ಲೇ ಮರಳಿ ಕಳುಹಿಸುವ, ಸರದಿ ತುಂಬುವ ಮೊದಲೇ ಪ್ಯಾಕೆಟ್ಟಿಗೆ ಎಚ್ಚರಿಕೆಯ ಗುರುತು ಹಾಕುವ ವಿಧಾನಗಳಿವೆ.

ದಟ್ಟಣೆ ನಿಜವೇ ಆಗಿದ್ದರೆ ಆದ್ಯತೆಯೇ ದಾರಿ. ಆಗುಂಬೆ ಘಾಟಿಯ ತಿರುವಿನಲ್ಲಿ ಆಂಬುಲೆನ್ಸ್ ಬಂದರೆ ಉಳಿದ ವಾಹನಗಳು ಅಂಚಿಗೆ ಸರಿಯುವಂತೆ, ‘ಫ್ಲ್ಯಾಶ್’ ದರ್ಜೆಯ ಸಂದೇಶ ಬಂದಾಗ ‘ಇಮಿಡಿಯೆಟ್’, ‘ಪ್ರಯಾರಿಟಿ’, ‘ರೊಟೀನ್’ ದರ್ಜೆಯವು ಕಾಯುತ್ತವೆ. ದಾಳಿಯ ಎಚ್ಚರಿಕೆಯ ಮುಂದೆ ರೇಷನ್ ಪಟ್ಟಿ ಕಾದರೆ ನಷ್ಟವೇನಿಲ್ಲ. ತನ್ನ ಸಂದೇಶವೇ ತುರ್ತಿನದು ಎನ್ನದವರು ಯಾರು? ಆದ್ದರಿಂದಲೇ ಮೇಲಿನ ದರ್ಜೆಯನ್ನು ಬಳಸುವ ಅಧಿಕಾರವನ್ನು ಕೆಲವರಿಗಷ್ಟೇ ಕೊಟ್ಟಿರುತ್ತಾರೆ. ಇನ್ನು ವಾಹನವೊಂದು ಎಲ್ಲಿದೆ ಎಂಬಂಥ ಮಾಹಿತಿ ಸರದಿಯಲ್ಲೇ ಹಳತಾದರೆ, ಅದನ್ನು ಎಸೆದು ಹೊಸದನ್ನು ಕಳುಹಿಸುವುದೇ ಲೇಸು.