ತೂಕ ಇಳಿಸೋ ಸ್ಲೀವ್ ಸರ್ಜರಿ ಆಗಿ ರಿಪೋರ್ಟ್ ನಾರ್ಮಲ್ ಬಂದ್ಮೇಲೆ ವಿಟಮಿನ್ ಮಾತ್ರೆ ನಿಲ್ಲಿಸ್ಬಹುದಾ?

ದಯವಿಟ್ಟು ನಿಲ್ಲಿಸೋಕೆ ಬಿಡಬೇಡಿ. ನಿಮ್ಮ ಅಕ್ಕಂಗೆ ಸ್ಲೀವ್ ಆಗಿ ಎಂಟು ತಿಂಗಳು, ರಿಪೋರ್ಟ್ ನಾರ್ಮಲ್, ಮನೆ ಊಟನೂ ಚೆನ್ನಾಗೇ ಮಾಡ್ತಾರೆ, ಕೂದಲು ಮಾತ್ರ ಉದುರ್ತಿದೆ, ಇನ್ನೂ ಮಾತ್ರೆ ಯಾಕೆ ಅಂತ ಕೇಳಿದೀರಿ. ನಂಗೆ ತೂಕ ಇಳಿಸೋಕೆ ಜಠರದ ಬೈಪಾಸ್ ಆಗಿ ಕೆಲವು ವರ್ಷ ಆಯ್ತು, ಇರೋದು ಗೋಣಿಕೊಪ್ಪದ ಹತ್ರ, ನಮ್ಮನೇಲೂ ಎಲ್ಲರದ್ದೂ ಇದೇ ಪ್ರಶ್ನೆ ಆಗಿತ್ತು.

ರಿಪೋರ್ಟ್ ನಾರ್ಮಲ್ ಇರೋದೇ ಮಾತ್ರೆ ತಗೊಳ್ತಿರೋದ್ರಿಂದ ಇರ್ಬೋದು. ಸ್ಲೀವ್‌ನಲ್ಲಿ ಜಠರದ ಮುಕ್ಕಾಲು ಭಾಗ ಕತ್ತರಿಸಿ ತೆಗೆದುಬಿಡ್ತಾರೆ, ಬಿ12 ಹೀರ್ಕೊಳ್ಳೋಕೆ ಬೇಕಾದ ಆಸಿಡ್, ಇಂಟ್ರಿನ್ಸಿಕ್ ಫ್ಯಾಕ್ಟರ್ ಎರಡೂ ಹೆಚ್ಚಾಗಿ ಬರ್ತಿದ್ದದ್ದು ಅಲ್ಲಿಂದ್ಲೇ. ಆದ್ರೆ ಲಿವರ್‌ನಲ್ಲಿ ಬಿ12 ಹಳೇ ಸ್ಟಾಕ್ ಇರುತ್ತಲ್ಲ, ಹಂಗಾಗಿ ಮಾತ್ರೆ ಬಿಟ್ರೂ ತುಂಬಾ ದಿನ ಏನೂ ಗೊತ್ತಾಗಲ್ಲ, ಆಮೇಲೆ ಯಾವಾಗ್ಲೋ ಪಾದ ಜೋಮು ಹಿಡಿಯೋದು, ಸುಸ್ತು, ಮರೆವು ಶುರುವಾಗೋ ಹೊತ್ತಿಗೆ ನರಕ್ಕೆ ಪೆಟ್ಟು ಬಿದ್ದಿರುತ್ತೆ, ಕೆಲವರಿಗೆ ಅದು ಪೂರ್ತಿ ಸರಿಹೋಗೋದೂ ಇಲ್ಲ. ಅದಕ್ಕೇ ಇದು ಜೀವನಪೂರ್ತಿ. ದಿನಾ ಮಾತ್ರೆ ಬೇಜಾರು ಅಂದ್ರೆ ಬಿ12ಗೆ ತಿಂಗಳಿಗೊಂದು ಇಂಜೆಕ್ಷನ್ ಕೇಳಿ ನೋಡ್ಲಿ. ಬ್ಲಡ್ ಟೆಸ್ಟ್ ಮೊದಲ ವರ್ಷ 3, 6, 12 ತಿಂಗಳಿಗೆ, ಆಮೇಲೆ ವರ್ಷಕ್ಕೊಂದ್ಸಲ.

ನಮ್ಮ ಕೊಡಗಲ್ಲಿ ನಿಜವಾಗಿ ತೊಂದ್ರೆ ಕೊಡೋದು ಕಾಫಿ. ಬೆಳಿಗ್ಗೆ ಎದ್ದು ಬೆಲ್ಲದ ಕಾಫಿ ಜೊತೆಗೇ ಐರನ್ ಮಾತ್ರೆ ನುಂಗಿದ್ರೆ ಐರನ್ ಮೈಗೆ ಹತ್ತೋದು ತುಂಬಾ ಕಮ್ಮಿ ಆಗುತ್ತೆ, ಟೀ ಆದ್ರೂ ಅಷ್ಟೇ. ಮೇಲಿಂದ ಆ ಬೆಲ್ಲ ಕೆಲವರಿಗೆ ಡಂಪಿಂಗ್ ಮಾಡ್ಸುತ್ತೆ, ಅಂದ್ರೆ ಸಿಹಿ ಒಮ್ಮೆಲೇ ಕರುಳಿಗೆ ಇಳಿದು ಬೆವರು, ಎದೆ ಬಡಿತ, ತಲೆ ಸುತ್ತು, ಬೇಧಿ. ನಾನು ಎದ್ದ ತಕ್ಷಣ ಐರನ್‌ನ ನಿಂಬೆಹಣ್ಣಿನ ನೀರಲ್ಲಿ ತಗೊಂಡು ಒಂದು ಗಂಟೆ ಬಿಟ್ಟು ಸಕ್ಕರೆ ಇಲ್ಲದ ಕಾಫಿ ಕುಡೀತೀನಿ. ಐರನ್‌ಗೂ ಕ್ಯಾಲ್ಸಿಯಂಗೂ ಕನಿಷ್ಠ 2 ಗಂಟೆ ಅಂತರ ಬೇಕು, ಒಟ್ಟಿಗೆ ಹೋದ್ರೆ ಒಂದಕ್ಕೊಂದು ಅಡ್ಡ ಬರುತ್ತೆ. ಮೆಡಿಕಲ್‌ನಲ್ಲಿ ಬರೀ ಕ್ಯಾಲ್ಸಿಯಂ ಕೊಡಿ ಅಂದ್ರೆ ಕಾರ್ಬೋನೇಟ್ ಕೊಟ್ಟುಬಿಡ್ತಾರೆ, ಅದಕ್ಕೆ ಆಸಿಡ್ ಬೇಕು, ನಮಗೆ ಆಸಿಡ್ಡೇ ಕಮ್ಮಿ, ಆದ್ರಿಂದ ಸಿಟ್ರೇಟ್ ಅಂತ ಕೇಳಿ ತಗೊಳ್ಳಿ. ಊಟದಲ್ಲಿ ಸಿಗೋದೂ ಸೇರಿ ದಿನಕ್ಕೆ 1200ರಿಂದ 1500 ಮಿ.ಗ್ರಾಂ ಬೇಕು, ಒಂದು ಸಲಕ್ಕೆ 500-600ಕ್ಕಿಂತ ಜಾಸ್ತಿ ಬೇಡ. ಮುಟ್ಟಾಗೋ ವಯಸ್ಸಿನ ಹೆಂಗಸರಿಗೆ ಐರನ್ 45-60 ಮಿ.ಗ್ರಾಂ ಅಂತಾರೆ, ಸ್ಟ್ರಿಪ್ ಹಿಂದೆ ಎಲಿಮೆಂಟಲ್ ಐರನ್ (ನಿಜವಾಗಿ ಇರೋ ಐರನ್) ಅಂತ ಬರೆದಿರೋ ನಂಬರ್ ನೋಡ್ಬೇಕು, ಮುಂದೆ ದಪ್ಪಕ್ಷರದಲ್ಲಿ ಇರೋದಲ್ಲ.

ಇನ್ನು ಊಟ. ಪ್ರೋಟೀನ್ ದಿನಕ್ಕೆ ಕಮ್ಮಿ ಅಂದ್ರೂ 60 ಗ್ರಾಂ ಹೋಗ್ಬೇಕು, ಒಂದು ಮೊಟ್ಟೆಯಲ್ಲಿ ಇರೋದು 6 ಗ್ರಾಂ, ಲೆಕ್ಕ ನೀವೇ ಹಾಕಿ. ನಮ್ಮ ಊಟ ಪೂರ್ತಿ ಅಕ್ಕಿ, ಕಡಂಬುಟ್ಟು, ನೂಪುಟ್ಟು, ಅಕ್ಕಿ ಒಟ್ಟಿ. ಒಂದು ಕಡಂಬುಟ್ಟು ತಿನ್ನೋಷ್ಟರಲ್ಲಿ ಹೊಟ್ಟೆ ತುಂಬಿಹೋಗುತ್ತೆ, ಕರಿಗೆ ಜಾಗನೇ ಇರಲ್ಲ. ಅದಕ್ಕೆ ಮೊದಲು ಕೋಳಿ, ಮೀನು, ಮೊಟ್ಟೆ, ಕಾಳು, ಕೊನೆಗೆ ಜಾಗ ಇದ್ರೆ ಒಟ್ಟಿ. ಪಂದಿಕರಿ ಬಿಡೋ ಅವಶ್ಯಕತೆ ಇಲ್ಲ, ಚರ್ಮ ಕೊಬ್ಬು ಬಿಡಿಸಿಟ್ಟು ಮಾಂಸ ಮಾತ್ರ ನುಣ್ಣಗೆ ಅಗಿದು ತಿನ್ಲಿ. ಊಟದ ಜೊತೆ ನೀರು ಬೇಡ, ಅರ್ಧ ಗಂಟೆ ಬಿಟ್ಟು ಕುಡೀಲಿ. ಮದುವೆ ಮನೇಲಿ ಹಿರಿಯರು ಪ್ರೀತಿಯಿಂದ ಡ್ರಿಂಕ್ಸ್ ಗ್ಲಾಸ್ ಕೈಗೆ ಕೊಟ್ಟಾಗ ನೀವು ಪಕ್ಕದಲ್ಲಿದ್ದು ಅಕ್ಕನ ಪರವಾಗಿ ಬೇಡ ಅನ್ನಿ, ಈ ಆಪರೇಷನ್ ಆದ್ಮೇಲೆ ಸ್ವಲ್ಪಕ್ಕೇ ಬೇಗ ಏರುತ್ತೆ.

ಕೂದಲಿಗೆ ಅಂತ ಬಯೋಟಿನ್ (ಒಂದು ಬಿ ವಿಟಮಿನ್) ತಗೊಂಡ್ರೆ ಹೆಚ್ಚೇನೂ ಪ್ರಯೋಜನ ಆಗಲ್ಲ ಅನ್ಸುತ್ತೆ. ತೂಕ ಜೋರಾಗಿ ಇಳಿದಾಗ ಮೂರನೇ ತಿಂಗಳಿಂದ ಉದುರೋದು ಮಾಮೂಲಿ, ಮತ್ತೆ ಬರುತ್ತೆ. ಎಂಟು ತಿಂಗಳಾದ್ರೂ ನಿಂತಿಲ್ಲ ಅಂದ್ರೆ ಫೆರಿಟಿನ್ (ಮೈಯಲ್ಲಿರೋ ಐರನ್ ಸ್ಟಾಕ್ ತೋರ್ಸೋ ಟೆಸ್ಟ್), ಝಿಂಕ್ ಚೆಕ್ ಮಾಡ್ಸಿ, ತಿಂತಿರೋ ಪ್ರೋಟೀನ್ ಎಷ್ಟು ನೋಡಿ. ಬಯೋಟಿನ್ ಈಗಾಗ್ಲೇ ಶುರು ಮಾಡಿದ್ರೆ ಲ್ಯಾಬ್‌ನಲ್ಲಿ ಹೇಳಿ, ಥೈರಾಯ್ಡ್ ರಿಪೋರ್ಟ್ ತಪ್ಪಾಗಿ ಬರೋ ಚಾನ್ಸ್ ಇದೆ.

ಒಂದು ವಿಷಯ ಮಾತ್ರ ಮನೆಯವರೆಲ್ಲರಿಗೂ ಗೊತ್ತಿರ್ಲಿ. ಎರಡು ಮೂರು ದಿನ ಬಿಡದೆ ವಾಂತಿ ಆದ್ರೆ ಗ್ಯಾಸ್ಟ್ರಿಕ್ ಅಂತ ಮನೇಲಿ ಕೂರ್ಬೇಡಿ, ಥಯಾಮಿನ್ ಅಂದ್ರೆ ಬಿ1 ಬೇಗ ಖಾಲಿಯಾಗುತ್ತೆ, ಕಣ್ಣು ಎರಡೆರಡು ಕಾಣೋದು, ನಡಿಗೆ ತೂರಾಡೋದು, ಮಾತು ಗಲಿಬಿಲಿ ಆದ್ರಂತೂ ಅದು ಎಮರ್ಜೆನ್ಸಿ, ರಾತ್ರಿ ಆದ್ರೂ ಮಳೆ ಬಂದ್ರೂ ಹೊರಡ್ಬೇಕು. ಹತ್ರದ ಆಸ್ಪತ್ರೆಯಲ್ಲಿ ಮೊದಲು ಹೇಳ್ಬೇಕಾದ್ದು ತೂಕದ ಆಪರೇಷನ್ ಆಗಿದೆ ಅನ್ನೋದು, ಯಾಕಂದ್ರೆ ಗ್ಲೂಕೋಸ್ ಡ್ರಿಪ್‌ಗಿಂತ ಮುಂಚೆ ಥಯಾಮಿನ್ ಹೋಗ್ಬೇಕು. ಡಿಸ್ಚಾರ್ಜ್ ಸಮ್ಮರಿ ಫೋಟೋ ನಿಮ್ಮ ಮೊಬೈಲಲ್ಲೂ ಇರ್ಲಿ.