ರಾತ್ರಿ ಹಾಕಿದ್ದು ಬೆಳಿಗ್ಗೆ ಇಳಿದಿರುತ್ತಾ?

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ವಯಸ್ಸು 38, ಬೆಂಗಳೂರಿನಲ್ಲಿ ಟ್ಯಾಕ್ಸಿ ಓಡಿಸುತ್ತಾರೆ. ಹೆಂಡತಿ ನನ್ನ ಹತ್ತಿರ ಕೌನ್ಸೆಲಿಂಗ್‌ಗೆ ಕರೆದುಕೊಂಡು ಬಂದಿದ್ದರು. ಬೆಳಗಿನ ಜಾವ ಏರ್‌ಪೋರ್ಟ್ ಟ್ರಿಪ್‌ಗೆ ಹೊರಟಾಗ ಹಂಪ್ ಹಾರಿಸಿ, ಗಾಡಿಯನ್ನು ಡಿವೈಡರ್‌ಗೆ ಉಜ್ಜಿದ್ದರು. ಯಾರಿಗೂ ಏಟಾಗಿರಲಿಲ್ಲ. ಪೊಲೀಸರು ಊದಿಸಿದಾಗ 82 ಬಂತು. ಕಾನೂನಿನ ಮಿತಿ 100 ಎಂಎಲ್ ರಕ್ತಕ್ಕೆ 30 ಎಂಜಿ.

"ಕುಡಿದು ಗಾಡಿ ಮುಟ್ಟೋನಲ್ಲ ಮೇಡಂ ನಾನು. ರಾತ್ರಿ ಹಾಕಿದ್ದು. ನಿದ್ದೆ ಮಾಡಿ, ತಣ್ಣೀರು ಸ್ನಾನ ಮಾಡಿ, ಕಾಫಿ ಕುಡಿದೇ ಹೊರಟಿದ್ದು. ಮಿಷನ್ನೇ ಸರಿ ಇಲ್ಲ."

"ರೀ, ನೆಗಡಿ ಮಾತ್ರೆ ತಗೊಂಡಿದ್ದೂ ಹೇಳಿ," ಅಂದರು ಹೆಂಡತಿ.

ಅವರು ಸುಳ್ಳು ಹೇಳುತ್ತಿರಲಿಲ್ಲ. ಹಾಗಾಗಿ ಬುದ್ಧಿ ಹೇಳುವುದು ಬಿಟ್ಟು ಲೆಕ್ಕ ಬರೆದೆ. ರಾತ್ರಿ ಹತ್ತರಿಂದ ಹನ್ನೊಂದೂವರೆವರೆಗೆ ಒಂದೂವರೆ ಕ್ವಾರ್ಟರ್ ವಿಸ್ಕಿ, ಅಂದರೆ 270 ಎಂಎಲ್. ಅದರಲ್ಲಿ ಆಲ್ಕೋಹಾಲ್ ಸುಮಾರು 90 ಗ್ರಾಂ. ಲಿವರ್ ಗಂಟೆಗೆ ಹೆಚ್ಚುಕಡಿಮೆ 7ರಿಂದ 10 ಗ್ರಾಂ ಕರಗಿಸುತ್ತದೆ, ಅಷ್ಟೇ. ಸ್ನಾನ, ಕಾಫಿ, ಮಜ್ಜಿಗೆ ಯಾವುದಕ್ಕೂ ಅದು ಅವಸರ ಮಾಡಲ್ಲ. ಬೆಳಗಿನ ಜಾವ ನಾಲ್ಕಕ್ಕೆ ಗಾಡಿ ಹತ್ತಿದಾಗ ಎಷ್ಟು ಉಳಿದಿರುತ್ತೆ ಅಂತ ಅವರೇ ಕೂಡಿ ಕಳೆದು ನೋಡಿದರು. ಮಿಷನ್ ಮಾತು ಅಲ್ಲಿಗೆ ನಿಂತಿತು.

ತೂರಾಡಿದರೆ ಮಾತ್ರ ಅಮಲು ಅನ್ನೋದು ಅವರ ನಂಬಿಕೆ. ಕಾಲು ತಪ್ಪುವುದಕ್ಕಿಂತ ಎಷ್ಟೋ ಮೊದಲೇ ಅಂದಾಜು ತಪ್ಪುತ್ತದೆ. ಕನ್ನಡಿ, ಮೊಬೈಲ್ ಮ್ಯಾಪ್, ಮುಂದಿನ ಗಾಡಿ ಮೂರನ್ನೂ ಒಟ್ಟಿಗೆ ಗಮನಿಸಲು ಆಗಲ್ಲ. ಕಾಲು ಬ್ರೇಕಿಗೆ ಹೋಗುವುದು ತಡವಾಗುತ್ತದೆ. 'ನಾನು ಸರಿಯಾಗೇ ಇದ್ದೀನಿ' ಅನ್ನೋ ಧೈರ್ಯ ಮಾತ್ರ ಜಾಸ್ತಿಯಾಗುತ್ತದೆ. ಅದರ ಮೇಲೆ ಮಂಪರು ತರುವ ನೆಗಡಿ ಮಾತ್ರೆ ಬೇರೆ!

ಸ್ಟ್ಯಾಂಡಿನ ಗೆಳೆಯರ ಸಲಹೆ ಇನ್ನೂ ಚೆನ್ನಾಗಿತ್ತು: ಗಾಂಜಾ ಸೇದು, ಊದಿದರೆ ಸಿಗಲ್ಲ. ಗಾಂಜಾದಲ್ಲಿ ದೂರ, ಸಮಯದ ಅಂದಾಜು ಕೆಡುತ್ತದೆ, ಗಾಡಿ ಲೇನಿನಲ್ಲಿ ನೇರ ನಿಲ್ಲಲ್ಲ. ಹೆಂಡದ ಜೊತೆ ಸೇರಿದರೆ ಇನ್ನೂ ಕಷ್ಟ. ಕುಡಿದು ಓಡಿಸುವವರಿಗೆ ಹಾಕುವ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 185 ಡ್ರಗ್ಸ್‌ಗೂ ಅನ್ವಯಿಸುತ್ತದೆ. ಮೊದಲ ಸಲಕ್ಕೇ 10,000 ರೂಪಾಯಿ ದಂಡ, 6 ತಿಂಗಳವರೆಗೆ ಜೈಲು, ಅಥವಾ ಎರಡೂ.

ನನಗೆ ಜಾಸ್ತಿ ಚಿಂತೆಯಾಗಿದ್ದು ಬೇರೆ ವಿಷಯಕ್ಕೆ. ಫಾರ್ಮಿಗೆ ಸಹಿ ಹಾಕುವಾಗ ಪೆನ್ನು ನಡುಗುತ್ತಿತ್ತು. ಬೆಳಿಗ್ಗೆ ಟೀ ಲೋಟವನ್ನು ಎರಡೂ ಕೈಯಲ್ಲಿ ಹಿಡಿಯುತ್ತಾರಂತೆ. ದಿನಾ ಕುಡಿದು ಮೈ ಅದಕ್ಕೇ ಒಗ್ಗಿಹೋಗಿರುವ ಲಕ್ಷಣ ಇದು. "ಇವತ್ತಿಂದಲೇ ಬಿಟ್ಟೆ ಮೇಡಂ," ಅಂತ ಎದ್ದು ನಿಂತರು. ಕೂರಿಸಿದೆ. ದಿನಾ ಕುಡಿಯುವವರು ದಿಢೀರ್ ಅಂತ ಬಿಟ್ಟರೆ ಫಿಟ್ಸ್ ಬರಬಹುದು, ಜೀವಕ್ಕೇ ಅಪಾಯವಾಗಬಹುದು. ಮೊದಲು ಡಾಕ್ಟರನ್ನು ಕಾಣಿ ಅಂತ ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ವಿಭಾಗಕ್ಕೆ ಚೀಟಿ ಬರೆದುಕೊಟ್ಟೆ. ಹೆಂಡತಿಗೆ 14446 ಸಹಾಯವಾಣಿ ನಂಬರ್ ಕೊಟ್ಟೆ. ಡಾಕ್ಟರ್ ಸರಿ ಅನ್ನುವವರೆಗೆ ಗಾಡಿ ಮುಟ್ಟಬಾರದು, ಕೀ ಹೆಂಡತಿ ಹತ್ತಿರವೇ ಇರಬೇಕು. ಮನೆ ಖರ್ಚಿಗೆ? ಗಾಡಿಯನ್ನು ಭಾವಮೈದುನ ಓಡಿಸುವುದು ಅಂತಾಯಿತು.

ಈಗ ಚಿಕಿತ್ಸೆ ನಡೆಯುತ್ತಿದೆ. ನಡುವೆ ಒಂದು ಮದುವೆಮನೆಯಲ್ಲಿ ಕುಡಿದುಬಿಟ್ಟರು. ಮಾರನೇ ದಿನ ತಾವೇ ಫೋನ್ ಮಾಡಿ ಹೇಳಿದರು. ಕೀ ಇನ್ನೂ ಹೆಂಡತಿ ಹತ್ತಿರವೇ ಇದೆ.