ಗೇಟಿನ ಕೆಳಗೆ ಕಲ್ಲು ಏಕೆ ನಿಲ್ಲುತ್ತಿಲ್ಲ?

ಪ್ರಶ್ನೆ: ನಮ್ಮದು ಶಿರಸಿ ತಾಲ್ಲೂಕು, ಬನವಾಸಿ ಕಡೆ. ಕೆರೆ ಕಾಲುವೆಯ ಗೇಟಿನ ಹಿಂದೆ ಒಂದೂವರೆ ಮೀಟರ್ ನೀರು ನಿಲ್ಲುತ್ತದೆ. ಗೇಟನ್ನು 15 ಸೆಂ.ಮೀ. ಎತ್ತಿದರೆ ಕೆಳಗಿನ ಕಾಲುವೆಯಲ್ಲಿ 45 ಸೆಂ.ಮೀ. ನೀರು ಹರಿಯುತ್ತದೆ. 2 ಮೀಟರ್ ಕಾಂಕ್ರೀಟ್ ಹಾಸಿನ ಆಚೆ ದೊಡ್ಡ ಗುಂಡಿ ಬಿದ್ದಿದೆ. ಎರಡು ಸಲ ಚಿರೆಕಲ್ಲು ತುಂಬಿದರೂ ನಿಲ್ಲಲಿಲ್ಲ. ಏನು ಮಾಡಬೇಕು?

ಉತ್ತರ: ಮೂರನೇ ಸಲ ತುಂಬಬೇಡಿ. ಗೇಟು ಎತ್ತಿ, ಬಿಳಿ ನೊರೆ ಎಲ್ಲಿ ಏಳುತ್ತದೆ ನೋಡಿ. ನೀರು ಹಾಸಿನ ಮೇಲೆ ಗಾಜಿನಂತೆ ತೆಳ್ಳಗೆ ಜಾರಿ, ಅಂಚು ದಾಟಿದ ಮೇಲೆ ಕುದಿಯುತ್ತಿದ್ದರೆ ರೋಗ ಅದೇ.

ನಿಮ್ಮ ಅಳತೆಯಲ್ಲಿ ನೀರು ಸೆಕೆಂಡಿಗೆ 5 ಮೀಟರಿಗಿಂತ ತುಸು ಹೆಚ್ಚು ವೇಗದಲ್ಲಿ ಹೊರಡುತ್ತದೆ, ಹರಿವು ಕುಗ್ಗಿ 9 ಸೆಂ.ಮೀ. ದಪ್ಪಕ್ಕೆ ಇಳಿಯುತ್ತದೆ. ಈ ತೆಳು ಹರಿವು ಥಟ್ಟನೆ ಉಬ್ಬಿ ನಿಧಾನವಾಗುವುದೇ ಜಲಜಿಗಿತ. ಅರ್ಧಕ್ಕಿಂತ ಹೆಚ್ಚು ಶಕ್ತಿ ಅಲ್ಲೇ ಸುಳಿಯಲ್ಲಿ ಕರಗುತ್ತದೆ. ಆದರೆ ಅದು ಗೇಟಿನ ಬುಡದಲ್ಲೇ ನಿಲ್ಲಬೇಕಾದರೆ ಎದುರಿಗೆ ಸುಮಾರು 67 ಸೆಂ.ಮೀ. ನೀರು ಇರಬೇಕು. ನಿಮ್ಮಲ್ಲಿರುವುದು 45. ಹಾಗಾಗಿ ಜಿಗಿತ ಕೆಳಕ್ಕೆ ಸರಿದು ಮಣ್ಣಿನ ಮೇಲೆ ಕೂತಿದೆ.

ಹಾಸನ್ನು 30 ಸೆಂ.ಮೀ. ತಗ್ಗಿಸಿ ತೊಟ್ಟಿ ಮಾಡಿ. ಕೊರತೆ 22 ಸೆಂ.ಮೀ. ತಾನೇ ಎನ್ನಬೇಡಿ, ತಗ್ಗಿಸಿದಷ್ಟೂ ನೀರು ಬೀಳುವ ಎತ್ತರ ಹೆಚ್ಚಿ, ಬೇಕಾದ ಆಳ 71ಕ್ಕೆ ಏರುತ್ತದೆ. ಗೇಟಿನಿಂದ ತೊಟ್ಟಿಗೆ ಮೆಟ್ಟಿಲು ಬೇಡ, 90 ಸೆಂ.ಮೀ. ಉದ್ದದ ಇಳಿಜಾರು ಕೊಡಿ. ಅಲ್ಲಿಂದ ಮುಂದೆ ಸಮತಟ್ಟು ನೆಲ ನಾಲ್ಕೂವರೆ ಮೀಟರ್. ನಡುವೆ ಕಾಂಕ್ರೀಟ್ ಗಟ್ಟಿಗಳನ್ನು ನಿಲ್ಲಿಸಿದರೆ ಉದ್ದ ಅರ್ಧಕ್ಕೆ ಇಳಿಸಬಹುದು. ಆದರೆ ಅಡಿಕೆ ಸೋಗೆ ತೇಲಿ ಬರುವ ನಮ್ಮ ಕಡೆಯ ಕಾಲುವೆಗೆ ಅದು ತಲೆನೋವೇ. ತೊಟ್ಟಿಯ ಕೊನೆಯಂಚಿನಲ್ಲಿ ಒಂದು ಅಡ್ಡಗೋಡೆಯನ್ನು ನೆಲದೊಳಕ್ಕೆ ಇಳಿಸಿ. ಅದರ ಬುಡ ಈಗಿನ ಗುಂಡಿಯ ತಳಕ್ಕಿಂತ ಕೆಳಗಿರಲಿ.

ಕಲ್ಲು ಹಾಸುವುದು ಇದೆಲ್ಲ ಆದ ಮೇಲೆ, 3 ಮೀಟರ್ ಉದ್ದಕ್ಕೆ. ಚಿರೆಕಲ್ಲು ಮೆದು, ಸವೆಯುತ್ತದೆ. 20–25 ಸೆಂ.ಮೀ.ನ ಕರಿಕಲ್ಲು ತನ್ನಿ, ಎರಡು ಪದರ ಹಾಸಿ. ಅದರಡಿ 15 ಸೆಂ.ಮೀ. ಜಲ್ಲಿ, ಅದಕ್ಕೂ ಕೆಳಗೆ ಅಷ್ಟೇ ದಪ್ಪಕ್ಕೆ ಒರಟು ಮರಳು. ಈ ಪದರಗಳಿಲ್ಲದಿದ್ದರೆ ಸಂದಿಗಳಿಂದ ಮಣ್ಣು ಹೊರಬಂದು ಕಲ್ಲು ಕುಸಿಯುತ್ತದೆ. ನಿಮ್ಮ ಹಳೆಯ ಕಲ್ಲುಗಳಲ್ಲಿ ಕೆಲವು ಕೊಚ್ಚಿಹೋಗಿರಲಿಕ್ಕಿಲ್ಲ, ಗುಂಡಿಯ ತಳದಲ್ಲೇ ಹೂತಿರಬಹುದು.

ಗೇಟು ಮುಚ್ಚಿದಾಗಲೂ ಕೆಳಗೆ ಮರಳು ಬುಗ್ಗೆಯಾಗಿ ಏಳುತ್ತಿದ್ದರೆ ಅದು ಬೇರೆ ರೋಗ, ತಳದಡಿ ನೀರು ದಾರಿ ಮಾಡಿಕೊಂಡಿದೆ. ಬಾಯಿಗೆ ಸಿಮೆಂಟ್ ಮೆತ್ತಬೇಡಿ. ಮರಳು, ಅದರ ಮೇಲೆ ಜಲ್ಲಿ ಹಾಕಿ, ಗೇಟಿನ ಹಿಂದಿನ ನೀರು ಇಳಿಸಿ, ಎಂಜಿನಿಯರರನ್ನು ಕರೆಯಿರಿ.

ತೊಟ್ಟಿ ಕಟ್ಟುವವರೆಗೆ ಒಣ ಕಾಲುವೆಗೆ ಒಮ್ಮೆಲೇ 15 ಸೆಂ.ಮೀ. ಎತ್ತಬೇಡಿ. ಮೊದಲು 4–5 ಸೆಂ.ಮೀ. ಎತ್ತಿ, ಕೆಳಗೆ ನೀರು ತುಂಬಿ ಏರುವುದು ನಿಂತ ಮೇಲೆ ಉಳಿದದ್ದನ್ನು ಎತ್ತಿ.